ಮೊದಲು ಮೈನಸ್

ತಿತಿಮತಿ ದಾರಿಯಲ್ಲಿ ಆನೆ ದಾಟಲೆಂದು
ಎಂಜಿನ್ ಆರಿಸಿ ಕೂತಿದ್ದೆ.
ಎರಡು ದೊಡ್ಡವು, ಒಂದು ಮರಿ.
ಮರಿಗೆ ರಸ್ತೆಯ ಬಿಳಿ ಗೆರೆ ಮೂಸುವ ಆಸೆ.
ಅವು ಹೋದವು. ನಾನು ಹೋಗಲಿಲ್ಲ.
ಗುಂಡಿ ಒತ್ತಿದರೆ
ಹಲ್ಲಿ ಲೊಚಗುಟ್ಟಿದಷ್ಟೇ ಸದ್ದು.

ಹಾಲಿನ ಜೀಪಿನವನು ವಯರು ಕೊಟ್ಟು ಎಬ್ಬಿಸಿದ.
ಗೋಣಿಕೊಪ್ಪದ ಉಮ್ಮರ್ ಫೋನಿನಲ್ಲಿ,
"ಡಾಕ್ಟರೇ, ಹಳೇ ಗಾಡಿಯಲ್ಲ ಅದು, ಒಳಗೆಲ್ಲ ಕಂಪ್ಯೂಟರು,
ಮುಟ್ಟಬೇಡಿ. ಬುಧವಾರ ಬರ್ತೇನೆ."
ಬುಧವಾರದವರೆಗೆ ಯಾವ ಹಸು ಕಾಯುತ್ತದೆ?
ಹೊಟ್ಟೆಯೊಳಗೆ ಅಡ್ಡ ಬಿದ್ದ ಕರುವನ್ನು
ತೋಳುದ್ದ ಕೈ ಹಾಕಿ ತಿರುಗಿಸಿದವಳು
ಹತ್ತನೇ ನಂಬರಿನ ಸ್ಪ್ಯಾನರಿಗೆ ಹೆದರುವುದೇ?

ಪುಸ್ತಕದ ಮೊದಲ ಸಾಲು:
ಕೈಯಲ್ಲಿ ಲೋಹ ಇರಕೂಡದು.
ಗಡಿಯಾರ ಬಿಚ್ಚಿದೆ. ಉಳಿದದ್ದು ಬಳೆ,
ಹನ್ನೊಂದು ವರ್ಷ ಕಳಚದ್ದು,
ಉದ್ದ ಗ್ಲೌಸಿನಡಿ ಅಡಗಿ
ಎಷ್ಟೋ ಹಸುಗಳ ಗರ್ಭ ನೋಡಿ ಬಂದದ್ದು.
ತೊಡಿಸಿದವರ ಸಂಗತಿ ಇಲ್ಲಿ ಬೇಡ.
ಬಟ್ಟೆ ಸೋಪು, ಬಿಸಿನೀರು,
ಹೆಬ್ಬೆರಳನ್ನು ಅಂಗೈಗೆ ಮಡಚಿ ಒಂದು ಎಳೆತ.
ಗೆಣ್ಣಿನ ಬಳಿ ಸಿಕ್ಕಿತು, ಉರಿಯಿತು, ಬಂತು.
ಒಗೆಯುವ ಕಲ್ಲಿನ ಮೇಲೆ ಇಟ್ಟರೆ
ಸುತ್ತಿ ಸುತ್ತಿ ಮಲಗಿತು.

ಮೊದಲು ಮೈನಸ್, ಆಮೇಲೆ ಪ್ಲಸ್.
ಕೂಡಿಸುವಾಗ ಉಲ್ಟಾ.
ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ
ಕಳೆಯುವುದರಿಂದ ಶುರು ಎಂದು.

ತುದಿಗಳ ಮೇಲೆ ಹಸಿರು ಹಿಟ್ಟು,
ಮೆಣಸಿನ ಬಳ್ಳಿಗೆ ಹೊಡೆಯುವ ಮೈಲುತುತ್ತದ ಬಣ್ಣ.
ಬೇಲಿಯಾಚೆಯಿಂದ ಬೊಳ್ಳವ್ವ:
"ಕಾಚಂಪುಳಿ ಹಾಕಿ ಉಜ್ಜು,
ಹಿತ್ತಾಳೆ ಚೊಂಬು ಫಳಫಳ ಆಗೋದಿಲ್ವಾ?"
"ಹುಳಿಯಿಂದಲೇ ಬಂದ ಕಾಯಿಲೆ ಇದು ಅವ್ವ,
ಕಾಚಂಪುಳಿ ಹಂದಿಗೇ ಇರಲಿ."
ಅಡಿಗೆ ಸೋಡಾ ಸುರಿದೆ. ಬುಸ್ಸೆಂದಿತು.
ಎರಡು ಹೆಜ್ಜೆ ಹಿಂದೆ ಸರಿದು ನಕ್ಕಳು.

ಹದಿನಾಲ್ಕು ಕಿಲೋ. ಹುಟ್ಟಿದ ಕರುವಿಗಿಂತ ಕಡಿಮೆ.
ಆದರೆ ಕರು ಒದೆಯುತ್ತದೆ, ಒದ್ದು
ತನ್ನ ಭಾರವನ್ನು ತಾನೂ ಸ್ವಲ್ಪ ಹೊರುತ್ತದೆ.
ಇದು ಬರೀ ಸೀಸ. ಸೊಂಟ ಹಿಡಿಯಿತು.
ಹಳೆಯದು ಹೊರಗೆ, ಹೊಸದು ಒಳಗೆ.
ಪ್ಲಸ್. ಆಮೇಲೆ ಮೈನಸ್.
ಒಂದು ಸಣ್ಣ ಕಿಡಿ ಹಾರಿತು, ಸುಳ್ಳೇಕೆ, ನಾನೂ ಹಾರಿದೆ.

ಎದ್ದಿತು ಗಾಡಿ.
ಎದ್ದದ್ದೇನೋ ಎದ್ದಿತು, ಎಲ್ಲ ಮರೆತು.
ಮೆಣಸು ಒಣಗುವ ಈ ಮಾರ್ಚಿನಲ್ಲಿ
ಗಡಿಯಾರಕ್ಕೆ ಜನವರಿ ಒಂದು, ಮಧ್ಯರಾತ್ರಿ.
ರೇಡಿಯೋಗೆ ಮಡಿಕೇರಿ ಎಲ್ಲಿದೆಯೋ ಗೊತ್ತಿಲ್ಲ.
ಕಿಟಕಿ ಅರ್ಧ ಏರಿ ನಿಂತಿತು,
ತಾನು ಎಲ್ಲಿ ಮುಗಿಯುತ್ತೇನೆಂದು ತಿಳಿಯದೆ.
ಪೂರ್ತಿ ಇಳಿಸಿ, ಪೂರ್ತಿ ಏರಿಸಿ,
ಬೆರಳು ತೆಗೆಯದೆ ಐದು ಎಣಿಸಬೇಕಂತೆ.
ನಾಲ್ಕು ಕಿಟಕಿಗೂ ಬೇರೆ ಬೇರೆ ಪಾಠ.

ಸೋಪು ಒಣಗಿದ ಮಣಿಕಟ್ಟಿನ ಸುತ್ತ
ಒಂದು ಬಿಳಿ ಗೆರೆ.

ಎರಡು ಕಿಟಕಿ ಕಲಿತಿದ್ದವು, ಅಷ್ಟರಲ್ಲಿ ಫೋನು.
ಬಾಳೆಲೆಯಲ್ಲಿ ಹಸು ಬೆಳಗಿನಿಂದ ಮಲಗಿದ್ದು ಎದ್ದಿಲ್ಲ.
ಗ್ಲೌಸು, ಹಗ್ಗ, ಸುಣ್ಣದ ಸೂಜಿಮದ್ದು ಎತ್ತಿಕೊಂಡು ಹೊರಟೆ.
ತಿರುವಿನಲ್ಲಿ ಕಾಫಿ ಹೂವಿನ ವಾಸನೆ
ಕಲಿಯದ ಕಿಟಕಿಗಳಿಂದ ಒಳಗೆ ನುಗ್ಗಿತು.
ಹಿಂದಿನಿಂದ ಬೊಳ್ಳವ್ವ ಏನೋ ಕೂಗುತ್ತಿದ್ದಳು,
ಒಗೆಯುವ ಕಲ್ಲಿನ ಕಡೆ ಕೈ ಮಾಡಿ.
ಕೇಳಿಸಿತು. ಕಿಟಕಿ ತೆರೆದೇ ಇತ್ತಲ್ಲ.