ಟಿಕ್ ಅಂದದ್ದೆಲ್ಲ

ಶಿಡ್ಲಘಟ್ಟದ ಹಿಂಬದಿ ಬೀದಿ. ಕೆಳಗೆ
ಹನ್ನೆರಡು ಬೇಸಿನ್ನುಗಳಲ್ಲಿ ಗೂಡು ಕುದಿಯುತ್ತಿದೆ.
ಮೇಲೆ, ಶೀಟಿನ ಮಾಡಿನಲ್ಲಿ ಹದಿನಾರು ಪ್ಯಾನೆಲ್ಲು,
ನಾನು, ಬೈರೇಶ, ಮತ್ತೆ ಹುಳ ಬೆಂದ ವಾಸನೆ.
ಅದಕ್ಕೆ ಏಣಿ ಬೇಕಿಲ್ಲ.

ಮಧ್ಯಾಹ್ನವಾದರೆ ಇನ್ವರ್ಟರು ಕೂಗಿಕೊಳ್ಳುತ್ತೆ ಅಂತ ಫೋನು.
"ಹೋದ ವರ್ಷ ಹಾಕ್ಸಿದ್ದು, ನಿಮ್ ಕೈಲಲ್ಲ,"
ಅಂದಿದ್ದರು ಖುತೇಜಾಬಿ,
ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆ ಸಿಕ್ಕಿತು:
ಕರಿಬೆಲ್ಲದ ಹಾಗೆ ಕರಗಿ, ಮತ್ತೆ ಗಟ್ಟಿಯಾದ
ಒಂದು ಕನೆಕ್ಟರು.
ಮುಟ್ಟಬೇಡ ಅಂದೆ. ಬೈರೇಶನ ಕೈ
ಆಗಲೇ ಅರ್ಧ ದಾರಿಯಲ್ಲಿತ್ತು.
ಬಿಸಿಲು ಹರಿಯುವಾಗ ಎಳೆದು ಬಿಡಿಸಿದರೆ
ಕಿಡಿ ಎದ್ದು ನಿಲ್ಲುತ್ತದೆ, ನಿಂತೇ ಇರುತ್ತದೆ.
ಮನೆ ಕರೆಂಟಿನ ಹಾಗೆ ನಡುನಡುವೆ
ಸೊನ್ನೆಗಿಳಿದು ಉಸಿರು ಬಿಡುವ ಜಾತಿಯಲ್ಲ ಇದು.
ಕೆಳಗಿಳಿ. ಐಸೊಲೇಟರು ತಿರುಗಿಸು.
ಮೊದಲು ಮೀಟರನ್ನು ಕೇಳು, ಬೆರಳನ್ನು ಆಮೇಲೆ.

ಬಿಡಿಸಿ ಅಂಗೈಯಲ್ಲಿಟ್ಟುಕೊಂಡೆ.
ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದರದು.
ಅದೇ ಕಪ್ಪು, ಅದೇ ಉದ್ದ, ಅವೇ ಎರಡು ಕಿವಿ.
ಕೂಡಿಸಿದರೆ ಅದೇ ಟಿಕ್.
ಆ ಟಿಕ್ಕನ್ನು ನಂಬಿ ಯಾರೋ ಏಣಿ ಇಳಿದು
ಟೀ ಕುಡಿದು ಬಿಲ್ಲು ಬರೆದು ಹೋಗಿದ್ದಾನೆ.
ಒಳಗೆ ಪಿನ್ನಿಗೂ ತೂತಿಗೂ ನಡುವೆ ಕೂದಲೆಳೆ ಸಂದು.
ಹಗಲು ಹಿಗ್ಗಿ, ಇರುಳು ಕುಗ್ಗಿ,
ಒಂದು ಮಳೆಗಾಲದ ತೇವ ಕುಡಿದು
ಸಂದೇ ಒಲೆಯಾಗಿದೆ.

"ಸಾಲಾವಳಿ ನೋಡ್ಬೇಕೇನಣ್ಣ ಇದಕ್ಕೂ?"
"ನನ್ನದಕ್ಕೆ ನೋಡಿದ್ರು. ಚೆನ್ನಾಗೇ ಬಂದಿತ್ತು."
"ಆಮೇಲೆ?"
"ಕ್ರಿಂಪರ್ ಕೊಡು."

ವೈರೂ ಹಾಗೇ. ಮನೆಯೊಳಗೆ, ಗೋಡೆಯ ನೆರಳಲ್ಲಿ
ಬಾಳಬೇಕಾದದ್ದನ್ನು ಬಿಸಿಲಿಗೆ ಕಟ್ಟಿದ್ದಾರೆ;
ಚಳಿಗಾಲದ ಹಿಮ್ಮಡಿಯಂತೆ ಸೀಳುಬಿಟ್ಟಿದೆ.
ಚಿಂತಾಮಣಿಯ ಅಂಗಡಿಯವನು ಅನ್ನುತ್ತಾನೆ:
ಎಲ್ಲಾ ಒಂದೇ ಸಾರ್, ಹೆಸರಷ್ಟೇ ಬೇರೆ.
ನಾನು ತುದಿ ಸುಲಿದು ನೋಡುತ್ತೇನೆ.
ಎರಡು ಪದರ ಅಂಗಿ, ಒಳಗೆ ಕಲಾಯಿಯ ತಾಮ್ರ,
ಹಬ್ಬದ ಹಿಂದಿನ ದಿನದ ಪಾತ್ರೆಯ ಒಳಮೈ ಬಣ್ಣ.
ನಾಲ್ಕು ಎಂಎಂ ಸಾಕಲ್ವಾ? ಸಾಕು, ಹತ್ತಿರವಿದ್ದರೆ.
ಇಲ್ಲಿಂದ ಇನ್ವರ್ಟರಿಗೆ ಮೂವತ್ತೈದು ಮೀಟರು.
ಅಷ್ಟು ದೂರ ನಡೆಯುವಷ್ಟರಲ್ಲಿ
ಕರೆಂಟಿಗೂ ಸುಸ್ತಾಗುತ್ತೆ. ಆರು ಕೊಡಿ.

ಕರಗಿದ್ದನ್ನು ಕೆಳಗೆ ತಂದು ಖುತೇಜಾಬಿಗೆ ಕೊಟ್ಟೆ.
ಬಿಸಿನೀರಲ್ಲಿ ನೆನೆದು ನೆನೆದು ಬಿಳಿಚಿದ ಬೆರಳು,
ಎಳೆ ತುಂಡಾದರೆ ಕಣ್ಣಿಗಿಂತ ಮೊದಲು ತಿಳಿಯುವ ಬೆರಳು
ಅದನ್ನು ಒಮ್ಮೆ ತಿರುಗಿಸಿತು.
ವಿವರಿಸಲು ಬಾಯಿ ತೆರೆದೆ. ಅವರೇ ಅಂದರು:
"ಸಿ.ಬಿ. ಗೂಡು, ಬೈವೋಲ್ಟಿನ್ ಗೂಡು
ಒಂದೇ ಬೇಸಿನ್ಗೆ ಬಿಟ್ಟಂಗೆ ಮಾಡವ್ನೆ.
ಎರಡೂ ಗೂಡೇ. ಎರಡೂ ತೇಲ್ತವೆ.
ಬೇಯೋ ಹೊತ್ತು ಬೇರೆ."

ಹತ್ತು ವರ್ಷ ನಾನು ಹೇಳಲು ಹೆಣಗಿದ್ದು.

ಪ್ಯಾನೆಲ್ಲಿನ ಬಾಲಕ್ಕೆ ಯಾವ ಕಂಪನಿಯೋ
ಎದುರಿಗೂ ಅದೇ. ಚೆನ್ನಾಗಿ ಕಾಣುತ್ತಿದ್ದ
ಬೆರಕೆ ಜೋಡಿಗಳನ್ನೂ ಕತ್ತರಿಸಿದೆವು.
"ಇವು ಸರಿಯಾಗೇ ಇದ್ವಲ್ಲಣ್ಣ," ಅಂದ ಬೈರೇಶ,
ಅವನ ದನಿಯಲ್ಲಿ ದುಡ್ಡಿನ ನೋವು.
ಅದೂ ಹೋದ ವರ್ಷ ಸರಿಯಾಗೇ ಇತ್ತು, ಅಂದೆ.

ಸಂಜೆ ಬ್ಯಾಗು ಕಟ್ಟುವಾಗ, ತಳದಲ್ಲಿ
ಎರಡು ಅರ್ಧ ಪೊಟ್ಟಣ. ಎರಡು ಹೆಸರು.
ಗೌರಿಬಿದನೂರಿನ ಹಿಟ್ಟಿನ ಗಿರಣಿ ನೆನಪಾಯಿತು.
ಮೂರು ವರ್ಷದ ಹಿಂದೆ; ಮೋಡ ಕವಿದಿತ್ತು,
ಒಂದು ಪೊಟ್ಟಣ ತೀರಿತ್ತು, ಕೊನೆಯ ಬಸ್ಸಿಗೆ
ಇನ್ನು ಅರ್ಧ ಗಂಟೆ. ಇನ್ನೊಂದನ್ನು ಒಡೆದಿದ್ದೆ.
ಹೆಸರು ನೋಡಿದ್ದೆನಾ?
ಟಿಕ್ ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಬೇಸಿನ್ನುಗಳು ಆರಿವೆ. ಬೈರೇಶ ಗಾಡಿ ಒದೆಯುತ್ತಿದ್ದಾನೆ.
ನಾನು ಗಿರಣಿಯವರ ನಂಬರು ಹುಡುಕಿ ಒತ್ತಿ
ಬೀದಿದೀಪದ ಕೆಳಗೆ ನಿಂತಿದ್ದೇನೆ.
ಏನಂತ ಶುರು ಮಾಡುವುದು?
ಸೌಖ್ಯವಾ ಯಜಮಾನ್ರೇ, ಮಳೆ ಹೇಗೆ, ಹಿಟ್ಟು ಹೇಗೆ,
ಈಚೆಗೆ ಯಾರಾದರೂ
ಮೇಲೆ ಹತ್ತಿ ನೋಡಿದ್ದೀರಾ?