ಚಪ್ಪಾಳೆ ನಲವತ್ತೊಂದು

ಫೈಲಿನ ಹೆಸರು ಅಷ್ಟೇ: ಚಪ್ಪಾಳೆ ನಲವತ್ತೊಂದು.
ಕಾಲು ಸೆಕೆಂಡೂ ಇಲ್ಲ.
ಅದೇ ಪ್ಯಾಕಿನಲ್ಲಿ ಇನ್ನೂ ಇನ್ನೂರ ಹತ್ತು ಸದ್ದು:
ಕಿಕ್ಕು, ಹೈ-ಹ್ಯಾಟು, ಆರ್ಗನ್ನಿನ ಮೂರು ಕೊರಗು,
ನನ್ನ ಕೋಣೆಯ ರೇಡಿಯೇಟರು ಚಳಿಗೆ ಕೆಮ್ಮಿದ್ದೂ.
ಹತ್ತೊಂಬತ್ತು ಡಾಲರು. ರಾಯಲ್ಟಿಯ ಗೊಡವೆಯಿಲ್ಲ.
ಒಮ್ಮೆ ಕೊಂಡರೆ ನಿಮ್ಮದೇ.

ರೆಕಾರ್ಡು ಮಾಡಿದ್ದು ದಕ್ಷಿಣ ಶಿಕಾಗೋದ
ಒಂದು ಚರ್ಚಿನ ನೆಲಮಾಳಿಗೆಯಲ್ಲಿ, ಫೆಬ್ರವರಿ.
ಕಾಯಿರಿನ ಐವರು ಹೆಂಗಸರು, ತಲೆಗೆ ನಲವತ್ತು ಡಾಲರು,
ಮೇಲೆ ಕರಿದ ಮೀನು.
ವರ್ಲೀನ್ ಟಿಬ್ಸ್ ಪಾಳಿ ಮುಗಿಸಿ
ಬಸ್ ಡ್ರೈವರಿನ ಯೂನಿಫಾರ್ಮಿನಲ್ಲೇ ಬಂದಳು.
"ಎಷ್ಟು ಹೊಡೀಬೇಕು?" ಅಂದಳು,
ಸೊಳ್ಳೆಯ ಲೆಕ್ಕ ಕೇಳಿದ ಹಾಗೆ.

ರಾತ್ರಿಯೆಲ್ಲ ಕೂತು ಕತ್ತರಿಸಿದೆ.
ಚಪ್ಪಾಳೆಗೆ ಮುಂಚಿನ ಉಸಿರು, ಆಮೇಲಿನ ನಗು,
ಯಾರೋ "ಕರ್ತನೇ" ಅಂದದ್ದು, ಕುರ್ಚಿಯ ಕಿರ್ರು,
ಎಲ್ಲ ತೆಗೆದೆ, ಅವರೆಕಾಳು ಹಿತಕಿದ ಹಾಗೆ.
ನಲವತ್ತೊಂದರಲ್ಲಿ ಮಾತ್ರ, ನಿದ್ದೆಗಣ್ಣು,
ಅವಳ ಬಳೆ ಉಳಿದುಬಿಟ್ಟಿತು:
ಏಟಿನ ಬಾಲಕ್ಕೆ ಅಂಟಿದ ಸಣ್ಣ ಘಲ್.

ಆ ತಪ್ಪೇ ಬಿಕರಿಯಾಯಿತು.
ಲಿಸ್ಬನ್ನಿನವನೊಬ್ಬ ಅದಕ್ಕೆ ಪ್ರತಿಧ್ವನಿಯ ಕೋಟು ತೊಡಿಸಿದ.
ಪ್ರಿಟೋರಿಯಾದವಳು ಅರ್ಧ ಸ್ವರ ಇಳಿಸಿದಳು.
ಹೆಲ್ಸಿಂಕಿಯಲ್ಲಿ ತಿರುಗುಮುರುಗಾಯಿತು,
ಮೊದಲು ಬಳೆ, ಆಮೇಲೆ ಕೈ.
ಗುರುತಿಲ್ಲದ ಊರುಗಳ ಬೆಳಗಿನ ಜಾವಕ್ಕೆಲ್ಲ
ವರ್ಲೀನಳ ಕೈ ಹೋಗಿ ಬಂತು.
ಅವಳು ಇಂಡಿಯಾನಾದ ಗಡಿ ದಾಟಿದ್ದು ಎರಡೇ ಸಲ.

ಮೊನ್ನೆ ಅವಳ ತಂಗಿಯ ಮೊಮ್ಮಗಳ ಮದುವೆ.
ಲಕ್ವ ಹೊಡೆದು ಒಂದೂವರೆ ವರ್ಷ, ಎಡಗೈ
ಮಡಿಲಲ್ಲಿ ಮಡಿಸಿಟ್ಟ ಕರವಸ್ತ್ರ.
ಡಿಜೆ ಯಾವುದೋ ಹೊಸದನ್ನು ಏರಿಸಿದ.
ನನಗೆ ಎರಡನೇ ಏಟಿಗೇ ಗೊತ್ತಾಯಿತು,
ತಟ್ಟೆಯ ಮೇಲೆ ಬಗ್ಗಿದೆ.
ಅವಳಿಗೆ ನಾಲ್ಕನೆಯದಕ್ಕೆ.

"ಬಳೆ ನಂದು."
ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೇಳಿದಳು,
ಹಿಂದಿನ ಸೀಟಿನವರನ್ನು ಕನ್ನಡಿಯಲ್ಲಿ ಎಣಿಸುವ ಹಾಗೆ.
"ನಿಮಿಷಕ್ಕೆ ಎಷ್ಟು?"
ಅರವತ್ತೆರಡು, ಅಂದೆ.
"ಗಂಟೆಗೆ?"
ಮೂರು ಸಾವಿರದ ಏಳುನೂರ ಇಪ್ಪತ್ತು.
"ಓವರ್‌ಟೈಮು," ಅಂದಳು. "ನಲವತ್ತು ಡಾಲರಿಗೆ."

ಕಾಗದದಲ್ಲಿ ಅವಳ ಸಹಿ ಇದೆ, ಕಾನೂನು ನನ್ನ ಕಡೆ.
ಎರಡು ಕೈ ಸೇರಿದರೆ ಚಪ್ಪಾಳೆ ಅನ್ನುತ್ತಾರಲ್ಲ,
ಮೂರನೆಯ ಕೈ ಒಂದಿದೆ: ಮೌಸ್ ಹಿಡಿದದ್ದು.

ಮಂಗಳವಾರ ಫೋನು. ಮೈಕು ತಗೊಂಡು ಬಾ.
ಅಡುಗೆಮನೆಯ ಮೇಜಿಗೆ ಬಲಗೈ ಚಪ್ಪಟೆ ಮಾಡಿ
ಬಡಿದಳು. ಧಪ್. ಉಪ್ಪಿನ ಡಬ್ಬಿ ಹಾರಿತು.
ಮತ್ತೆ ಧಪ್. ಎಡಗೈ ಪಕ್ಕದಲ್ಲಿ ಕೂತು ನೋಡಿತು.
ಬಳೆ ಇದ್ದದ್ದು ಅದರಲ್ಲೇ.
"ಏನು ನೋಡ್ತೀಯ? ಅಲ್ಲಾಡಿಸು ಇದನ್ನ."
ನಾನು ಅವಳ ಮಣಿಕಟ್ಟು ಹಿಡಿದೆ, ತಣ್ಣಗಿತ್ತು,
ಅವಳು ಎಣಿಸಿದಳು, ಒಂದು, ಎರಡು,
ಉಸಿರು ಎಳೆದುಕೊಂಡಳು ಉದ್ದಕ್ಕೆ, ಬೇಕೆಂದೇ, ಮೈಕಿನ ಬಾಯಿಗೆ.

"ಇದನ್ನ ಕತ್ತರಿಸಬೇಡ," ಅಂದಳು.
"ಇದಕ್ಕೆ ಬೇರೆ ರೇಟು."