ಹಾಲಿನ ಲೆಕ್ಕ

ಮಂಡಿ ಮೊಹಲ್ಲಾದ ನಮ್ಮ ಓಣಿಯಲ್ಲಿ
ಗರಗಸ ನಿಂತರೆ ಗುಬ್ಬಿಗೂ ಗೊತ್ತಾಗುತ್ತದೆ.
ಈ ಮೂರು ತಿಂಗಳು ಅದು ನಿಂತಿದ್ದೇ ಇಲ್ಲ.
ಬೀಟೆಯ ಹಲಗೆ, ನಾಲ್ಕಡಿ ಉದ್ದ,
ಅದರೊಳಗೆ ಕರ್ತನ ಕಡೆಯ ಭೋಜನ:
ಮುಖಕ್ಕೆ ಹಲಸು, ಅಂಗಿಗೆ ಹೊನ್ನೆ,
ರೊಟ್ಟಿಗೆ ಹಿಪ್ಪುನೇರಳೆಯ ಹಳದಿ.
ಪ್ರಶಸ್ತಿಗೆ ಕಳಿಸಲು ಕಡೆಯ ದಿನ ಶನಿವಾರ.
ನನ್ನಪ್ಪ ಎರಡು ಸಲ ಹೊತ್ತುಕೊಂಡು ಹೋಗಿ
ಎರಡು ಸಲವೂ ಹೊತ್ತುಕೊಂಡೇ ಬಂದಿದ್ದ.

ಒಳಗಿಂದ ಸುವಾರ್ತ:
"ಹದಿಮೂರು ಜನಕ್ಕೆ ಊಟಕ್ಕಿಟ್ಟಿದ್ದೀರಿ,
ನಿಮ್ಮ ಮುದ್ದೆ ಕಲ್ಲಾಯ್ತು."
"ಬಂದೆ" ಅಂದೆ.
ನಮ್ಮ ಮನೆಯಲ್ಲಿ ಬಂದೆ ಅಂದರೆ
ಬರುವುದಿಲ್ಲ ಎಂದು ಅರ್ಥ.

ದಿನಮಣಿಗೆ ಹನ್ನೊಂದು. ಮಾತು ಉಗ್ಗು.
ಭಾನುವಾರ ಚರ್ಚಿನಲ್ಲಿ ಪಾಠ ಓದುವ ಸರದಿ ಅವಳದು:
ಸತ್ತು ಎದ್ದ ಮೇಲೆ, ಸರೋವರದ ದಡದಲ್ಲಿ
ಕರ್ತನು ಕೆಂಡ ಹಾಕಿ ಮೀನು ಸುಟ್ಟು,
ರಾತ್ರಿಯಿಡೀ ಬಲೆ ಎಳೆದು ಸೋತವರನ್ನು
ತಿಂಡಿಗೆ ಕರೆದದ್ದು.
ಕರೆಯುವ ಮಾತಿನ ಮೊದಲ ಅಕ್ಷರವೇ ಅವಳಿಗೆ ಮುಳ್ಳು:
ಬ.
ತುಟಿ ಸೇರುತ್ತದೆ, ಬಿಡುವುದಿಲ್ಲ,
ಮರದ ಗಂಟಿಗೆ ಸಿಕ್ಕ ಅಲಗಿನ ಹಾಗೆ.

"ಅಪ್ಪಾ, ಓದ್ತೀನಿ, ಕೇಳು."
"ಓದು ಕಂದ, ಕೇಳಿಸ್ತಿದೆ."
ಸೋಮವಾರ, ಮಂಗಳವಾರ, ಬುಧವಾರ,
ಕಡೆಗೆ ನನ್ನದೊಂದು "ಚೆನ್ನಾಗಿತ್ತು".
ಗುರುವಾರ ಅವಳು ಒಂದು ಕಡೆಯೂ ಉಗ್ಗಲಿಲ್ಲ,
ನಾಲೆಯ ನೀರಿನ ಹಾಗೆ ಓದಿ ಮುಗಿಸಿದಳು.
ಅಂದ್ರೆಯನ ಗದ್ದಕ್ಕೆ ಅಂಟು ಹಚ್ಚುತ್ತಾ ನಾನು
"ಆಮೆನ್" ಅಂದೆ.
ತಲೆಯೆತ್ತಿದರೆ ಅವಳ ಕೈಯಲ್ಲಿ
ಅಡುಗೆಮನೆಯ ಕ್ಯಾಲೆಂಡರು.
"ಹದಿನಾಲ್ಕು, ಅರ್ಧ ಲೀಟರು. ಹದಿನೈದು, ಇಲ್ಲ.
ಹದಿನಾರು, ಒಂದು ಲೀಟರು, ಅಜ್ಜಿ ಬಂದಿದ್ದರು.
ಇದನ್ನೇ ಅಪ್ಪಾ, ನಾನು ಓದಿದ್ದು."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದೇ ಕಷ್ಟ.
ಕೇಳುವವರಿಲ್ಲದ ಕಡೆ ನಾಲಿಗೆಗೆ ಹೆದರಿಕೆಯಿಲ್ಲ ಎಂದು
ಮಗು ನನಗಿಂತ ಮೊದಲೇ ಕಂಡುಕೊಂಡಿತ್ತು.

ಆ ರಾತ್ರಿ ಮರದ ಹೊಟ್ಟಿನ ಮೇಲೆ ಮೊಣಕಾಲೂರಿದೆ.
ಕರ್ತನೇ, ನೀನೂ ಬಡಗಿ, ನಿನಗೆ ಹೇಳಬಹುದು.
ಮೂವತ್ತು ವರುಷ ಆ ಸಣ್ಣ ಊರಲ್ಲಿ ಇದ್ದೆಯಲ್ಲ,
ನೀನು ಮಾಡಿದ ಒಂದು ಮಣೆ, ಒಂದು ಮುಕ್ಕಾಲಿ
ಎಲ್ಲಾದರೂ ಉಳಿದಿದೆಯೇ?
ಯಾವ ಪ್ರದರ್ಶನಕ್ಕೆ ಕಳಿಸಿದೆ?
ಆದರೆ ಈ ಕೈಯೊಳಗೆ ಆಸೆ ಇಟ್ಟವನೂ ನೀನೇ ತಾನೆ.
ಸುಳ್ಳು ಹೇಳಲಾರೆ, ನನಗೆ ಆ ಪ್ರಶಸ್ತಿ ಬೇಕು.
ಅಪ್ಪನಿಗಾಗಿ ಬೇಕು, ನನಗಾಗಿ ಇನ್ನೂ ಬೇಕು.
ಉತ್ತರ ಬರಲಿಲ್ಲ. ಸೊಳ್ಳೆ ಬಂತು.

ಶುಕ್ರವಾರ ಗರಗಸ ಗೂಟಕ್ಕೆ ನೇತುಹಾಕಿ
ಅವಳೆದುರು ಚಕ್ಕಳಮಕ್ಕಳ ಕೂತೆ.
ಮರ ಕೂರಿಸುವುದು ಬಲ್ಲೆ: ಗುಂಡಿ ಎಷ್ಟೋ ಚೂರೂ ಅಷ್ಟೇ,
ಕೂದಲೆಳೆ ಹೆಚ್ಚಿದರೂ ಒಳಗೆ ಇಳಿಯದು.
ನಾನು ಕೂರುವುದು ಮಾತ್ರ ಬಾರದು.
ಬ ಬಂದಾಗ ಉಳಿದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು,
ನೂಕಿಬಿಡಲೇ ಅನ್ನಿಸಿತು.
"ಹೇಳಿಕೊಡಬೇಡ" ಎಂದು ಕೈಯೆತ್ತಿದಳು.
ಕಾದೆ.
ಶನಿವಾರವೂ ಕಾದೆ. ಐದಕ್ಕೆ ಕಚೇರಿ ಮುಚ್ಚಿತು.
ಅಂದ್ರೆಯನಿಗೆ ಗದ್ದವುಂಟು, ಯೂದನಿಗಿನ್ನೂ ಮುಖವಿಲ್ಲ.

ಭಾನುವಾರ. ಮೈಕಿಗೆ ಎಟುಕಲೆಂದು
ನಾನೇ ಎಂದೋ ಮಾಡಿಕೊಟ್ಟ ಮುಕ್ಕಾಲಿಯ ಮೇಲೆ ನಿಂತಳು.
ದಡ ಬಂತು, ಕೆಂಡ ಬಂತು, ಮೀನೂ ಬಂತು.
ಆಮೇಲೆ ತುಟಿ ಸೇರಿತು.
ಫ್ಯಾನು ತಿರುಗುತ್ತಿತ್ತು. ಹೊರಗೊಂದು ಟಾಂಗಾ,
ಗೊರಸಿನ ಸದ್ದು ತಿರುವಿನವರೆಗೂ ಕೇಳಿತು.
ಯಾರೋ ಕೆಮ್ಮಿದರು. ಸಭಾಪಾಲಕರು ಕನ್ನಡಕ ತೆಗೆದರು.
ನಿಜ ಹೇಳುತ್ತೇನೆ, ನಡುವೆ ಒಂದು ಗಳಿಗೆ
ಯೂದನ ಮುಖಕ್ಕೆ ಯಾವ ಮರ ಎಂದು ಯೋಚಿಸಿದೆ,
ಮತ್ತೆ ಮರಳಿದೆ.
ಅವಳು ಸಭೆಯನ್ನೆಲ್ಲ ಬಿಟ್ಟು ನನ್ನ ಕಡೆ ನೋಡಿದಳು.
ನಾನಿದ್ದೆ.

"ಬನ್ನಿ," ಅಂದಳು.

ಹಲಗೆ ಈಗ ಗೋಡೆಗೊರಗಿದೆ,
ಹಿಂದೆ ಸಿಕ್ಕಿಸಿದೆ ಮುಂದಿನ ವರ್ಷದ ಅರ್ಜಿ.
ಸಂಜೆ ಸುವಾರ್ತ ಕರೆದರೆ
ಬಂದೆ ಎನ್ನುವುದನ್ನು ಬಿಟ್ಟಿದ್ದೇನೆ.
ಎದ್ದು ಹೋಗುತ್ತೇನೆ,
ಹೆಚ್ಚಿನ ದಿನ.